ಮೊದಲ ಮನೆ: ಫ್ಲ್ಯಾಟ್ ಕೊಳ್ಳುವುದೋ, ಸೈಟಿನಲ್ಲಿ ಕಟ್ಟಿಸುವುದೋ? ಗೃಹಸಾಲದ ಲೆಕ್ಕ ಹಂತ ಹಂತವಾಗಿ

ಕರ್ನಾಟಕದಲ್ಲಿ ಮೊದಲ ಸಲ ಮನೆ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಇಎಂಐಯಿಂದ ಲೆಕ್ಕ ಶುರುಮಾಡುತ್ತಾರೆ. ತಿಂಗಳಿಗೆ ಇಷ್ಟು ಕಟ್ಟಬಲ್ಲೆ, ಹಾಗಾದರೆ ಇಷ್ಟು ಲಕ್ಷ ಸಾಲ ಸಿಗುತ್ತದೆ ಎಂದು. ಲೆಕ್ಕವೇನೋ ಸರಿ, ಆದರೆ ಕೊಳ್ಳುವುದೋ ಕಟ್ಟಿಸುವುದೋ ಎಂಬ ಪ್ರಶ್ನೆ ಅದರಿಂದ ಬಗೆಹರಿಯುವುದಿಲ್ಲ. ಒಂದೇ ಮೊತ್ತದ ಸಾಲಕ್ಕೆ ಎರಡೂ ದಾರಿಯಲ್ಲಿ ಇಎಂಐ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಎರಡು ಸಂಗತಿ: ಯಾವ ತಿಂಗಳಲ್ಲಿ ನಿಮ್ಮ ಕೈಯಲ್ಲಿ ಎಷ್ಟು ನಗದು ಇರಬೇಕು, ಮತ್ತು ಜಾಗದ ಕಾಗದಪತ್ರ ಬ್ಯಾಂಕಿನ ವಕೀಲರ ಪರಿಶೀಲನೆಯಲ್ಲಿ ಪಾಸಾಗುತ್ತದೆಯೇ. ಅರ್ಧಕ್ಕೆ ನಿಂತ ಮನೆಗಳಲ್ಲಿ ಹೆಚ್ಚಿನವು ನಿಂತಿರುವುದು ಇವೆರಡರಲ್ಲಿ ಒಂದು ಕೈಕೊಟ್ಟಿದ್ದರಿಂದ.

ಹಂತ 1: ಸಾಲಕ್ಕಿಂತ ಮೊದಲು ಸ್ವಂತ ದುಡ್ಡಿನ ಲೆಕ್ಕ

ಬ್ಯಾಂಕು ಮನೆಯ ಪೂರ್ತಿ ಬೆಲೆಗೆ ಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲ 30 ಲಕ್ಷದವರೆಗಿದ್ದರೆ ಆಸ್ತಿ ಬೆಲೆಯ ಶೇ. 90ರವರೆಗೆ, 30ರಿಂದ 75 ಲಕ್ಷವಾದರೆ ಶೇ. 80ರವರೆಗೆ, ಅದಕ್ಕೂ ಮೇಲಾದರೆ ಶೇ. 75ರವರೆಗೆ ಕೊಡಬಹುದು. ಇದು ಗರಿಷ್ಠ ಮಿತಿ ಮಾತ್ರ, ಬ್ಯಾಂಕು ಇದಕ್ಕಿಂತ ಕಡಿಮೆ ಕೊಡಬಹುದು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಮುದ್ರಾಂಕ ಶುಲ್ಕ ಮತ್ತು ನೋಂದಣಿ ಖರ್ಚನ್ನು ಆಸ್ತಿಯ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ (10 ಲಕ್ಷದೊಳಗಿನ ಮನೆಗಳಿಗೆ ಮಾತ್ರ ವಿನಾಯಿತಿ ಇದೆ). ಅದು ಪೂರ್ತಿ ನಿಮ್ಮ ಜೇಬಿನಿಂದ. ಎರಡು, ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದು ಕರಾರು ಪತ್ರದ ಬೆಲೆ ಮತ್ತು ತನ್ನ ಮೌಲ್ಯಮಾಪಕರು ಕೊಟ್ಟ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದನ್ನು. ಮಾರುವವರು ‘ಪತ್ರದಲ್ಲಿ ನಲವತ್ತು ತೋರಿಸೋಣ, ಉಳಿದದ್ದು ಕ್ಯಾಷ್ ಕೊಡಿ’ ಎಂದರೆ ನಿಮ್ಮ ಸಾಲವೂ ಆ ನಲವತ್ತರ ಮೇಲೇ ಕುಳಿತುಕೊಳ್ಳುತ್ತದೆ. ಇಂಥ ವ್ಯವಹಾರದಿಂದ ದೂರ ಇರಿ. ಅದು ಕಾನೂನಿಗೆ ವಿರುದ್ಧ, ಮುಂದೆ ಮಾರುವಾಗ ಲಾಭದ ತೆರಿಗೆಯೂ ನಿಮ್ಮ ತಲೆಗೇ ಬರುತ್ತದೆ.

ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಇವೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ನಗರ ಪ್ರದೇಶದಲ್ಲಿ ಸುಮಾರು ಶೇ. 7.6. ಮೊದಲ ಸಲ ನೋಂದಣಿಯಾಗುವ, 45 ಲಕ್ಷದೊಳಗಿನ ಹೊಸ ಫ್ಲ್ಯಾಟುಗಳಿಗೆ ಮುದ್ರಾಂಕ ಶುಲ್ಕ ಕಡಿಮೆ ಇದೆ.

60 ಲಕ್ಷದ ಬಜೆಟ್ಟನ್ನೇ ತೆಗೆದುಕೊಳ್ಳೋಣ. ಎರಡೂ ದಾರಿಗೆ 45 ಲಕ್ಷ ಸಾಲ ಎಂದಿಟ್ಟುಕೊಂಡರೆ:

ಒಸಿ (ಕಟ್ಟಡ ವಾಸಕ್ಕೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಸಿಕ್ಕಿರುವ ಸಿದ್ಧ ಫ್ಲ್ಯಾಟ್: ಸ್ವಂತ ಪಾಲು 15 ಲಕ್ಷ, ನೋಂದಣಿಗೆ ಸುಮಾರು 4.56 ಲಕ್ಷ. ಒಟ್ಟು ಹತ್ತೊಂಬತ್ತೂವರೆ ಲಕ್ಷ, ಇದರ ಮೇಲೆ ಮರಗೆಲಸ, ವಾರ್ಡ್‌ರೋಬು. ಜಿಎಸ್‌ಟಿ ಇಲ್ಲ.

ಕಟ್ಟುತ್ತಿರುವ ಫ್ಲ್ಯಾಟ್: ಮೇಲಿನದಕ್ಕೆ ಶೇ. 5 ಜಿಎಸ್‌ಟಿ, ಅಂದರೆ ಇನ್ನೂ 3 ಲಕ್ಷ. ಬೆಲೆ 45 ಲಕ್ಷದೊಳಗಿದ್ದು, ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಬಳಕೆಯ ಜಾಗ) ಮಹಾನಗರದಲ್ಲಿ 60 ಚದರ ಮೀಟರ್, ಬೇರೆಡೆ 90 ಚದರ ಮೀಟರ್ ಮೀರದಿದ್ದರೆ ಮಾತ್ರ ಶೇ. 1.

27 ಲಕ್ಷದ ಸೈಟು, 33 ಲಕ್ಷದ ಕಟ್ಟಡ (ಹದಿನೈದು ಚದರ, ಅಂದರೆ 1,500 ಚದರ ಅಡಿ, ಚದರಕ್ಕೆ 2.2 ಲಕ್ಷದಂತೆ): ನೋಂದಣಿ ಸೈಟಿಗೆ ಮಾತ್ರ, ಸುಮಾರು 2.05 ಲಕ್ಷ. ಎರಡೂವರೆ ಲಕ್ಷ ಉಳಿಯಿತು ಎಂದು ಕಾಣುತ್ತದೆ. ಆದರೆ ಕಟ್ಟಡದ ಖರ್ಚು ಅಂದಾಜಿಗಿಂತ ಶೇ. 10ರಿಂದ 15 ಏರುವುದು ಮಾಮೂಲು, ಅಂದರೆ ಮೂರರಿಂದ ಐದು ಲಕ್ಷ. ಮನೆ ಏಳುವ ಒಂದು ವರ್ಷ, ಒಂದೂಕಾಲು ವರ್ಷ ಈಗಿರುವ ಮನೆಗೆ ಬಾಡಿಗೆ, ಜೊತೆಗೆ ಬಿಡುಗಡೆಯಾದ ಸಾಲಕ್ಕೆ ಬಡ್ಡಿ. ಪ್ಲಾನ್ ಮಂಜೂರಾತಿ ಶುಲ್ಕ, ಕರೆಂಟು ಮತ್ತು ನೀರಿನ ಸಂಪರ್ಕ, ಸಂಪು, ಕಾಂಪೌಂಡು ಬೇರೆ. ಇವುಗಳಲ್ಲಿ ಕೆಲವು ಚದರದ ದರದ ಒಳಗೆ ಬರುವುದೇ ಇಲ್ಲ, ಕಂಟ್ರಾಕ್ಟರನ್ನು ಕೇಳಿ ಬರೆಸಿಕೊಳ್ಳಬೇಕು.

ಒಟ್ಟಿನಲ್ಲಿ, ಅದೇ ಬಜೆಟ್ಟಿಗೆ ಕಟ್ಟಿಸುವವರ ಬಳಿ ಐದಾರು ಲಕ್ಷ ಹೆಚ್ಚು ನಗದು ಇರಬೇಕು. ಅಷ್ಟು ಹೊಂದಿಸಲಾಗದಿದ್ದರೆ ಸಿದ್ಧ ಮನೆ ಕೊಳ್ಳುವುದು ಒಳ್ಳೆಯದು, ಇಲ್ಲವೇ ಒಂದೆರಡು ವರ್ಷ ಕಾದು ದುಡ್ಡು ಕೂಡಿಸಿಕೊಂಡು ಕಟ್ಟಿಸುವುದು ಒಳ್ಳೆಯದು.

ಹಂತ 2: ಯಾವ ಸಾಲ ಯಾವುದಕ್ಕೆ

ಸಿದ್ಧ ಮನೆಗೆ ಸಿಗುವ ಸಾಲ ಸರಳ. ನೋಂದಣಿಯ ದಿನ ಬ್ಯಾಂಕು ಪೂರ್ತಿ ಮೊತ್ತ ಬಿಡುಗಡೆ ಮಾಡುತ್ತದೆ, ಮರುತಿಂಗಳಿಂದ ಇಎಂಐ.

ಕಟ್ಟುತ್ತಿರುವ ಫ್ಲ್ಯಾಟಿಗೆ ಕಟ್ಟಡದ ಪ್ರಗತಿಗೆ ತಕ್ಕಂತೆ ಕಂತಿನಲ್ಲಿ ಬಿಡುಗಡೆ. ಇಲ್ಲಿ ಪ್ರೀ-ಇಎಂಐ ಎಂಬ ಆಯ್ಕೆ ಕೊಡುತ್ತಾರೆ: ಬಿಡುಗಡೆಯಾದಷ್ಟಕ್ಕೆ ಬಡ್ಡಿ ಮಾತ್ರ ಕಟ್ಟುವುದು. 10 ಲಕ್ಷ ಬಿಡುಗಡೆಯಾಗಿದ್ದರೆ ಶೇ. 8.5ರಲ್ಲಿ ತಿಂಗಳಿಗೆ 7,083 ರೂಪಾಯಿ. ಹಗುರ ಅನಿಸುತ್ತದೆ, ಆದರೆ ಅದರಲ್ಲಿ ಒಂದು ರೂಪಾಯಿಯೂ ಅಸಲಿಗೆ ಹೋಗುವುದಿಲ್ಲ. ಬಿಲ್ಡರ್ ಎರಡು ವರ್ಷ ತಡಮಾಡಿದರೆ ಎರಡು ವರ್ಷವೂ ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಕಟ್ಟುತ್ತೀರಿ, ಸಾಲ ಮಾತ್ರ ಇದ್ದಲ್ಲೇ ಇರುತ್ತದೆ. ಸಂಬಳ ತಡೆಯುವುದಾದರೆ ಮೊದಲಿನಿಂದಲೇ ಪೂರ್ತಿ ಇಎಂಐ ಆರಿಸಿಕೊಳ್ಳಿ.

ಬರೀ ಸೈಟಿಗೆ ಕೊಡುವ ನಿವೇಶನ ಸಾಲದಲ್ಲಿ ಬ್ಯಾಂಕಿನ ಪಾಲು ಕಡಿಮೆ, ಅವಧಿಯೂ ಕಡಿಮೆ. ಮಂಜೂರಾದ ಬಡಾವಣೆಯ ಸೈಟಿಗೆ ಮಾತ್ರ ಸಿಗುತ್ತದೆ. ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕಟ್ಟದಿದ್ದರೆ ಬಡ್ಡಿ ಏರಿಸುವ ಹಕ್ಕನ್ನು ಬ್ಯಾಂಕು ಪತ್ರದಲ್ಲೇ ಇಟ್ಟುಕೊಂಡಿರುತ್ತದೆ. ಮನೆ ಕಟ್ಟಿ ಮುಗಿಯುವವರೆಗೆ ತೆರಿಗೆ ವಿನಾಯಿತಿಯೂ ಇಲ್ಲ.

ಸೈಟು ಮತ್ತು ಕಟ್ಟಡ ಎರಡಕ್ಕೂ ಸೇರಿದ ಸಂಯುಕ್ತ ಸಾಲವನ್ನು ಹಲವು ಬ್ಯಾಂಕುಗಳು ಕೊಡುತ್ತವೆ. ಕೂಡಲೇ ಕಟ್ಟುವ ಉದ್ದೇಶವಿದ್ದರೆ ಇದನ್ನೇ ಕೇಳಿ. ಸೈಟಿಗೆ ಒಂದು, ಕಟ್ಟಡಕ್ಕೆ ಇನ್ನೊಂದು ಎಂದು ಎರಡು ಸಲ ಸಂಸ್ಕರಣಾ ಶುಲ್ಕ, ಎರಡು ಸಲ ವಕೀಲರ ಶುಲ್ಕ ಕೊಡುವುದು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಸೈಟು ಕೊಂಡ ಮೇಲೆ ಕಟ್ಟಡದ ಸಾಲ ಸಿಗುತ್ತದೋ ಇಲ್ಲವೋ ಎಂಬ ಆತಂಕವಿರುವುದಿಲ್ಲ.

ಅಪ್ಪನ ಅಥವಾ ತಾತನ ಹೆಸರಿನ ಸೈಟಿನಲ್ಲಿ ಕಟ್ಟುವುದಾದರೆ ಬ್ಯಾಂಕು ಮೊದಲು ನೋಡುವುದು ಸೈಟು ಯಾರದು ಎಂದು. ಅಪ್ಪನ ಸ್ವಯಾರ್ಜಿತವಾಗಿದ್ದರೆ ಅವರನ್ನು ಸಹಸಾಲಗಾರರನ್ನಾಗಿ ಮಾಡಿಕೊಳ್ಳಬಹುದು, ಅಥವಾ ದಾನಪತ್ರ ನೋಂದಾಯಿಸಿ ಖಾತೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಪಿತ್ರಾರ್ಜಿತವಾಗಿದ್ದರೆ ವಿಭಾಗಪತ್ರ ಬೇಕು, ಇಲ್ಲವೇ ಅಣ್ಣತಮ್ಮಂದಿರ ಜೊತೆಗೆ ಅಕ್ಕತಂಗಿಯರೂ ಸಹಿ ಹಾಕಿದ ಹಕ್ಕು ಬಿಡುಗಡೆ ಪತ್ರ ಬೇಕು. ಮಗಳಿಗೂ ಮಗನಷ್ಟೇ ಹಕ್ಕಿರುವುದರಿಂದ ಒಬ್ಬ ಅಕ್ಕನ ಸಹಿ ಬಿಟ್ಟರೂ ವಕೀಲರು ಕಡತ ವಾಪಸ್ ಕಳಿಸುತ್ತಾರೆ. ಮನೆಮಂದಿಯ ನಡುವೆ ಈ ಮಾತು ಎತ್ತುವುದು ಕಷ್ಟ, ಆದರೆ ಪಾಯ ತೋಡಿದ ಮೇಲೆ ಎತ್ತುವುದು ಇನ್ನೂ ಕಷ್ಟ. ಕಾಗದ ಸರಿಯಿರುವ ಕುಟುಂಬದ ಸೈಟು ಇದ್ದರೆ ನಮ್ಮ ಅಭಿಪ್ರಾಯದಲ್ಲಿ ಫ್ಲ್ಯಾಟಿನ ಯೋಚನೆಯನ್ನೇ ಬಿಡಬಹುದು: ಸೈಟಿನ ದುಡ್ಡು ಉಳಿಯುತ್ತದೆ, 30 ಲಕ್ಷದೊಳಗಿನ ಸಾಲವೇ ಸಾಕಾಗಬಹುದು.

ಹಂತ 3: ಕಟ್ಟಿಸುವವರಿಗೆ, ದುಡ್ಡು ಬರುವ ಕ್ರಮ

ಇಲ್ಲಿ ನಿಧಾನವಾಗಿ ಓದಿ. ಕಟ್ಟಡ ಸಾಲದಲ್ಲಿ ಬ್ಯಾಂಕು ಕೆಲಸ ಮುಗಿದ ಮೇಲೆ ದುಡ್ಡು ಕೊಡುತ್ತದೆ. ಮೇಸ್ತ್ರಿಯೂ ಕಬ್ಬಿಣದ ಅಂಗಡಿಯವರೂ ಕೆಲಸಕ್ಕೆ ಮೊದಲೇ ಕೇಳುತ್ತಾರೆ. ನಡುವಿನ ಈ ಅಂತರವನ್ನು ತುಂಬಬೇಕಾದವರು ನೀವು.

ಕ್ರಮ ಹೀಗಿರುತ್ತದೆ. ನೋಂದಾಯಿತ ಎಂಜಿನಿಯರ್ ಅಂದಾಜುಪಟ್ಟಿ ಮಾಡಿ ಸಹಿ ಹಾಕಬೇಕು. ಮಂಜೂರಾದ ಪ್ಲಾನಿನ ಜೊತೆ ಅದನ್ನು ಬ್ಯಾಂಕಿಗೆ ಕೊಡಬೇಕು. ಬ್ಯಾಂಕು ಮೊದಲು ನಿಮ್ಮ ಪಾಲಿನ ದುಡ್ಡನ್ನು ಜಾಗದಲ್ಲಿ ಹಾಕಿಸುತ್ತದೆ. ಆಮೇಲೆ ಪ್ಲಿಂತ್ (ನೆಲಮಟ್ಟ), ಲಿಂಟೆಲ್ (ಬಾಗಿಲು ಕಿಟಕಿಯ ಮೇಲ್ಮಟ್ಟ), ಮೋಲ್ಡ್ (ಛಾವಣಿ), ಪ್ಲಾಸ್ಟರಿಂಗ್, ಫಿನಿಶಿಂಗ್ ಎಂದು ನಾಲ್ಕೈದು ಹಂತದಲ್ಲಿ ಬಿಡುಗಡೆ. ಪ್ರತಿ ಹಂತಕ್ಕೂ ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ ಇಷ್ಟು ಕೆಲಸವಾಗಿದೆ ಎಂದು ವರದಿ ಕೊಟ್ಟ ಮೇಲೆ ದುಡ್ಡು. ಅರ್ಜಿ, ಭೇಟಿ, ವರದಿ, ಬಿಡುಗಡೆ, ಇದಕ್ಕೆಲ್ಲ ಒಂದೆರಡು ವಾರ ಹಿಡಿಯುತ್ತದೆ.

ಮೇಲಿನ ಉದಾಹರಣೆಯಲ್ಲಿ ಸೈಟಿಗೆ 20 ಲಕ್ಷ ಸಾಲ ಹೋದರೆ ಕಟ್ಟಡಕ್ಕೆ ಉಳಿಯುವ ಸಾಲ 25 ಲಕ್ಷ. ನಿಮ್ಮ 8 ಲಕ್ಷ ಪಾಯಕ್ಕೂ ಪ್ಲಿಂತಿಗೂ ಮುಗಿಯುತ್ತದೆ. ಮೋಲ್ಡಿನ ಕಬ್ಬಿಣ, ಸಿಮೆಂಟು, ಸೆಂಟ್ರಿಂಗಿಗೆ ಒಂದೇ ವಾರದಲ್ಲಿ ನಾಲ್ಕೈದು ಲಕ್ಷ ಬೇಕಾಗುತ್ತದೆ, ಆದರೆ ಬ್ಯಾಂಕಿನಿಂದ ಬರುವುದು ಆವರೆಗೆ ಮುಗಿದ ಕೆಲಸದ ದುಡ್ಡು ಮಾತ್ರ. ಹಾಗಾಗಿ ಒಂದು ಹಂತದ ಖರ್ಚು ಯಾವಾಗಲೂ ಕೈಯಲ್ಲಿರಬೇಕು. ಇಲ್ಲದವರು ಆಗ ಚಿನ್ನ ಅಡವಿಡುತ್ತಾರೆ ಅಥವಾ ವೈಯಕ್ತಿಕ ಸಾಲ ಎತ್ತುತ್ತಾರೆ. ಅದರ ಬಡ್ಡಿ ಗೃಹಸಾಲಕ್ಕಿಂತ ದುಬಾರಿ.

ಈ ತೊಂದರೆ ತಪ್ಪಿಸಲು ಮಾಡಬೇಕಾದದ್ದು:

ಕಂಟ್ರಾಕ್ಟರ್ ಜೊತೆಗಿನ ಕರಾರಿನಲ್ಲಿ ಪಾವತಿಯ ಹಂತಗಳನ್ನು ಬ್ಯಾಂಕಿನ ಹಂತಗಳಿಗೇ ಹೊಂದಿಸಿ. ಮೊದಲು ಬ್ಯಾಂಕಿನಿಂದ ಬಿಡುಗಡೆ ಪಟ್ಟಿ ಪಡೆದುಕೊಳ್ಳಿ, ಆಮೇಲೆ ಕರಾರು ಬರೆಯಿರಿ. ಕೊನೆಯ ಕಂತಾಗಿ ಶೇ. 5ರಿಂದ 10ರಷ್ಟನ್ನು ಬಣ್ಣ, ಪ್ಲಂಬಿಂಗ್, ಕರೆಂಟು ಎಲ್ಲ ಮುಗಿದ ಮೇಲೆ ಕೊಡುವುದಾಗಿ ಉಳಿಸಿಕೊಳ್ಳಿ.

ಅಂದಾಜುಪಟ್ಟಿಯನ್ನು ಕಡಿಮೆ ತೋರಿಸಬೇಡಿ. ಸ್ವಂತ ಪಾಲು ಕಡಿಮೆಯಾಗಲಿ ಎಂದು ಖರ್ಚನ್ನು ಇಳಿಸಿ ಬರೆಸಿದರೆ ಸಾಲವೂ ಅಷ್ಟಕ್ಕೇ ಮಂಜೂರಾಗುತ್ತದೆ, ಪ್ಲಾಸ್ಟರಿಂಗ್ ಹಂತದಲ್ಲಿ ದುಡ್ಡು ಮುಗಿಯುತ್ತದೆ. ಆಗ ಹೆಚ್ಚುವರಿ ಸಾಲ ಕೇಳಿದರೆ ಹೊಸ ಪರಿಶೀಲನೆ, ಹೊಸ ಕಾಯುವಿಕೆ.

ಮಂಜೂರಾದ ಪ್ಲಾನ್ ಬಿಟ್ಟು ಕಟ್ಟಬೇಡಿ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ) ಜಾಗ ನುಂಗಿದ್ದು ಅಥವಾ ಒಂದು ಮಹಡಿ ಹೆಚ್ಚು ಏರಿಸಿದ್ದು ಎಂಜಿನಿಯರ್ ವರದಿಯಲ್ಲಿ ಬಂದರೆ ಮುಂದಿನ ಕಂತು ನಿಲ್ಲಬಹುದು. ದುಡ್ಡು ಕಡಿಮೆ ಇದ್ದರೆ ಬೇರೆ ದಾರಿ ಇದೆ: ಎರಡು ಮಹಡಿಗೆ ಪ್ಲಾನ್ ಮಂಜೂರು ಮಾಡಿಸಿ, ಪಾಯ ಮತ್ತು ಕಂಬಗಳನ್ನು ಎರಡಕ್ಕೂ ತಡೆಯುವಂತೆ ಹಾಕಿಸಿ, ಈಗ ನೆಲಮಹಡಿ ಮಾತ್ರ ಮುಗಿಸಿ. ಮಂಜೂರಾತಿಯ ಅವಧಿ ಎಷ್ಟೆಂದು ಮಾತ್ರ ನೋಡಿಕೊಂಡಿರಿ, ಮುಗಿದರೆ ನವೀಕರಿಸಬೇಕು. ಮೇಲಿನ ಮಹಡಿಗೆ ಮುಂದೆ ಟಾಪ್-ಅಪ್ ಸಾಲ (ಇರುವ ಸಾಲದ ಮೇಲೆ ಹೆಚ್ಚುವರಿ ಸಾಲ) ಕೇಳಬಹುದು. ಫ್ಲ್ಯಾಟಿಗೆ ಇಲ್ಲದ ಅನುಕೂಲ ಇದು.

ಬರೀ ಕೂಲಿಯ ಗುತ್ತಿಗೆಯಲ್ಲಿ ಒಂಟಿ ಮನೆ ಕಟ್ಟಿಸಿದರೆ ಆ ಕೂಲಿಗೆ ಜಿಎಸ್‌ಟಿ ಇಲ್ಲ. ಮೆಟೀರಿಯಲ್ ಸಮೇತ ಗುತ್ತಿಗೆ ಕೊಟ್ಟರೆ ನೋಂದಾಯಿತ ಕಂಟ್ರಾಕ್ಟರ್ ಶೇ. 18 ಹಾಕುತ್ತಾರೆ. ಚದರದ ದರ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂದು ಕರಾರಿನಲ್ಲೇ ಸ್ಪಷ್ಟವಾಗಿರಲಿ. ಕೂಲಿ ಗುತ್ತಿಗೆ ಅಗ್ಗ, ಆದರೆ ಸಾಮಾನು ತರಿಸುವುದರಿಂದ ಹಿಡಿದು ಕ್ಯೂರಿಂಗಿಗೆ ನೀರು ಬಿಡುವವರೆಗೆ ದಿನವೂ ನಿಂತು ನೋಡಿಕೊಳ್ಳುವವರು ಮನೆಯಲ್ಲಿ ಇರಬೇಕು.

ಹಂತ 4: ಮುಂಗಡಕ್ಕಿಂತ ಮೊದಲು ಕಾಗದಪತ್ರ

ಅಡ್ವಾನ್ಸ್ ಕೊಟ್ಟು ಆಮೇಲೆ ಬ್ಯಾಂಕಿಗೆ ಹೋಗಬೇಡಿ. ಕಾಗದಗಳ ನಕಲು ಪಡೆದು ಮೊದಲು ವಕೀಲರಿಗೆ ತೋರಿಸಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತಕ್ಕಾಗಿ, ನಿಮ್ಮ ಪರವಾಗಿ ಬೇರೊಬ್ಬರು ನೋಡಲಿ. ಕರಾರಿನಲ್ಲಿ ‘ಕಾಗದಪತ್ರದ ದೋಷದಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ವಾಪಸ್’ ಎಂಬ ಸಾಲು ಸೇರಿಸಿ.

ಸೈಟಿಗೆ ನೋಡಬೇಕಾದ್ದು: ಮೂಲಪತ್ರದಿಂದ ಇವತ್ತಿನವರೆಗಿನ ಕ್ರಯಪತ್ರಗಳ ಸರಪಳಿ, ಕಾವೇರಿ 2.0 ಜಾಲತಾಣದಲ್ಲಿ ಸಿಗುವ ಋಣಭಾರ ಪತ್ರ, ಅಂದರೆ ಇಸಿ, ಸಾಧ್ಯವಾದರೆ ಮೂವತ್ತು ವರ್ಷದ್ದು, ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ, ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ), ಕಂದಾಯ ಕಟ್ಟಿದ ರಸೀದಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದ ಮೂಲಕ ಬಂದ ನಮೂನೆ 9 ಮತ್ತು 11ಎ. ನಮೂನೆ 11ಬಿ ಕೊಟ್ಟರೆ ಎಚ್ಚರ, ಅದು ಅನಧಿಕೃತ ಆಸ್ತಿಗಳ ವಹಿ. ಸರ್ವೆ ನಂಬರನ್ನು ದಿಶಾಂಕ್ ಆ್ಯಪಿನಲ್ಲಿ ಹಾಕಿ ನೋಡಿದರೆ ಜಾಗ ಕೆರೆ, ರಾಜಕಾಲುವೆ, ಸರ್ಕಾರಿ ಭೂಮಿಗೆ ತಗುಲಿದೆಯೇ ಎಂಬ ಸುಳಿವು ಸಿಗುತ್ತದೆ.

ಬಿ-ಖಾತಾ ಸೈಟು (ನಿಯಮಬದ್ಧ ಮಂಜೂರಾತಿ ಇಲ್ಲದ ಆಸ್ತಿ), ರೆವಿನ್ಯೂ ಸೈಟು (ಭೂಪರಿವರ್ತನೆಯಾಗದ ಕೃಷಿ ಜಮೀನಿನ ಸೈಟು) ಅಗ್ಗವಾಗಿ ಸಿಗುವುದಕ್ಕೆ ಕಾರಣವೇ ಅದರ ಮೇಲೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡದಿರುವುದು. ಕೊಡುವ ಹಣಕಾಸು ಸಂಸ್ಥೆಗಳ ಬಡ್ಡಿ ಹೆಚ್ಚು. ಸೈಟಿನಲ್ಲಿ ಉಳಿಸಿದ್ದು ಬಡ್ಡಿಯಲ್ಲಿ ಹೋಗುತ್ತದೆ, ಪ್ಲಾನ್ ಮಂಜೂರಾತಿಗೂ ತೊಡಕು. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಂಡ ಜಾಗಕ್ಕೆ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅನೂರ್ಜಿತ, ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲ ಮಂಜೂರಾತಿದಾರರಿಗೆ ಮರಳಬಹುದು. ಆದ್ದರಿಂದ ಇದು ಅಂಥ ಜಮೀನಲ್ಲ ಎಂಬ ಹಿಂಬರಹವನ್ನು ತಹಸೀಲ್ದಾರ್ ಕಚೇರಿಯಿಂದ ಕೇಳಿ.

ಫ್ಲ್ಯಾಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಮೊದಲು ನೋಡಿ. ಜಾಗ 500 ಚದರ ಮೀಟರ್ ಮೀರಿದ್ದರೆ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳಿದ್ದರೆ ನೋಂದಣಿ ಕಡ್ಡಾಯ. ಮಾರಾಟದ ಕರಾರು ನೋಂದಾಯಿಸದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ರಚನಾ ದೋಷಕ್ಕೆ ಐದು ವರ್ಷ ಬಿಲ್ಡರೇ ಹೊಣೆ. ಬಿಲ್ಡರ್ ಆ ಜಮೀನಿನ ಮೇಲೆ ಸಾಲ ಎತ್ತಿದ್ದರೆ ಅವರ ಬ್ಯಾಂಕಿನಿಂದ ನಿಮ್ಮ ಫ್ಲ್ಯಾಟಿನ ಸಂಖ್ಯೆ ನಮೂದಿಸಿದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಸಿದ್ಧ ಮನೆ ಎಂದರೆ ಒಸಿ ಇರುವ ಮನೆ. ಬಾಗಿಲು ಕಿಟಕಿ ಇದ್ದು ಒಸಿ ಇಲ್ಲದ್ದನ್ನು ಸಿದ್ಧ ಮನೆಯೆಂದು ಎಣಿಸಬೇಡಿ.

ಆಸ್ತಿ 50 ಲಕ್ಷ ಅಥವಾ ಹೆಚ್ಚಿನದಾದರೆ ಮಾರುವವರಿಗೆ ಕೊಡುವ ಮೊತ್ತದಲ್ಲಿ ಶೇ. 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಮುರಿದು ಕಟ್ಟುವ ಹೊಣೆ ಕೊಳ್ಳುವವರದೇ.

ಹಂತ 5: ಬಡ್ಡಿ, ಅವಧಿ, ಇಎಂಐ

2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಪರಿಷ್ಕಾರವಾಗಬೇಕು. ಗೃಹ ಹಣಕಾಸು ಸಂಸ್ಥೆಗಳಿಗೆ ಈ ನಿಯಮವಿಲ್ಲ, ಅವು ತಮ್ಮದೇ ಮೂಲದರ ಇಟ್ಟುಕೊಳ್ಳುತ್ತವೆ. ರೆಪೋ ಇಳಿದಾಗ ಅಲ್ಲಿನ ಬಡ್ಡಿ ತಡವಾಗಿ ಇಳಿಯಬಹುದು. ಕಾಗದ, ಆದಾಯ ಎರಡೂ ಸರಿಯಿದ್ದರೆ ಮೊದಲು ಬ್ಯಾಂಕಿಗೆ ಹೋಗಿ.

40 ಲಕ್ಷಕ್ಕೆ ಶೇ. 8.5ರಲ್ಲಿ 20 ವರ್ಷದ ಇಎಂಐ 34,713 ರೂಪಾಯಿ. ಮೊದಲ ತಿಂಗಳು ಅದರಲ್ಲಿ 28,333 ಬಡ್ಡಿಗೇ ಹೋಗುತ್ತದೆ, ಅಸಲಿಗೆ 6,380. ಇಪ್ಪತ್ತು ವರ್ಷದ ಒಟ್ಟು ಬಡ್ಡಿ ಸುಮಾರು 43.3 ಲಕ್ಷ. ಅವಧಿಯನ್ನು 30 ವರ್ಷ ಮಾಡಿದರೆ ಇಎಂಐ 30,757ಕ್ಕೆ ಇಳಿಯುತ್ತದೆ, ಬಡ್ಡಿ ಸುಮಾರು 70.7 ಲಕ್ಷಕ್ಕೆ ಏರುತ್ತದೆ. ತಿಂಗಳಿಗೆ ನಾಲ್ಕು ಸಾವಿರ ಹಗುರಾಗಲು ಇಪ್ಪತ್ತೇಳು ಲಕ್ಷ ಹೆಚ್ಚು ಕೊಟ್ಟಂತೆ.

ದರ ಶೇ. 9.5ಕ್ಕೆ ಏರಿದರೆ ಏನಾಗುತ್ತದೆ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಇಎಂಐ ಹಾಗೇ ಇಟ್ಟು ಅವಧಿ ಹೆಚ್ಚಿಸಿದರೆ 240 ಕಂತು ಸುಮಾರು 309 ಆಗುತ್ತದೆ, ಐದು ವರ್ಷಕ್ಕೂ ಹೆಚ್ಚು ಮುಂದಕ್ಕೆ. ಇಎಂಐ ಏರಿಸಿಕೊಂಡರೆ ತಿಂಗಳಿಗೆ ಸುಮಾರು 2,570 ಹೆಚ್ಚು, ಅವಧಿ ಅಷ್ಟೇ. ಯಾವುದು ಬೇಕೆಂದು ಆರಿಸುವ ಹಕ್ಕು ಸಾಲಗಾರರಿಗಿದೆ ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಸ್ಪಷ್ಟಪಡಿಸಿದೆ. ನೀವು ಸುಮ್ಮನಿದ್ದರೆ ಅವಧಿ ಬೆಳೆಯುವ ಸಂಭವವೇ ಹೆಚ್ಚು. ದರ ಬದಲಾದಾಗಲೆಲ್ಲ ಸ್ಟೇಟ್‌ಮೆಂಟ್ ತೆಗೆದು ಉಳಿದ ಕಂತು ಎಣಿಸಿ.

ವ್ಯಕ್ತಿಗಳು ಮನೆಗಾಗಿ ಪಡೆದ, ಬದಲಾಗುವ ಬಡ್ಡಿಯ ಸಾಲಕ್ಕೆ ಮುಂಗಡ ಮರುಪಾವತಿ ದಂಡವಿಲ್ಲ. ವರ್ಷಕ್ಕೊಂದು ಇಎಂಐ ಹೆಚ್ಚು ಕಟ್ಟಿದರೂ ಇಪ್ಪತ್ತು ವರ್ಷದ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮೊದಲೇ ತೀರುತ್ತದೆ. ಕಟ್ಟುವಾಗ ‘ಇಎಂಐ ಇಳಿಸಬೇಡಿ, ಅವಧಿ ಇಳಿಸಿ’ ಎಂದು ಬರೆದುಕೊಡಿ.

ಹಂತ 6: ಸಹಿ ಹಾಕುವ ಮೊದಲು

ಬ್ಯಾಂಕು ಕೊಡಲೇಬೇಕಾದ ಮುಖ್ಯಾಂಶಗಳ ಪಟ್ಟಿ, ಕೆಎಫ್‌ಎಸ್, ಕೇಳಿ ಓದಿ. ಶುಲ್ಕಗಳೂ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸಬೇಕಾದ್ದು ಆ ದರದಲ್ಲಿ, ಜಾಹೀರಾತಿನ ದರದಲ್ಲಲ್ಲ. ಸಾಲದ ಜೊತೆ ಒಂದೇ ಕಂತಿನ ವಿಮೆ ಸೇರಿಸಿ ಅದನ್ನೂ ಸಾಲದ ಮೊತ್ತಕ್ಕೆ ಕೂಡಿಸುವ ರೂಢಿಯಿದೆ. ಅದು ಕಡ್ಡಾಯವಲ್ಲ. ಜೀವವಿಮೆ ಖಂಡಿತ ಬೇಕು, ಆದರೆ ಪ್ರತ್ಯೇಕ ಟರ್ಮ್ ಪಾಲಿಸಿಯ ಬೆಲೆ ವಿಚಾರಿಸಿ ನೋಡಿ. ಬಡ್ಡಿ ಎಣಿಕೆ ದುಡ್ಡು ನಿಜವಾಗಿ ಬಿಡುಗಡೆಯಾದ ದಿನದಿಂದ ಶುರುವಾಗಬೇಕು, ಮಂಜೂರಾದ ದಿನದಿಂದಲ್ಲ. ಮೊದಲ ಸ್ಟೇಟ್‌ಮೆಂಟಿನಲ್ಲೇ ತಾಳೆ ನೋಡಿ.

ಹೆಂಡತಿ ಸಹಮಾಲೀಕರೂ ಸಹಸಾಲಗಾರರೂ ಆಗಿದ್ದರೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಸಣ್ಣ ರಿಯಾಯಿತಿ ಕೊಡುತ್ತವೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರು ವಾಸದ ಮನೆಗೆ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಗೆ ವಿನಾಯಿತಿ ಪಡೆಯಬಹುದು, ಇಬ್ಬರೂ ಕಟ್ಟುತ್ತಿದ್ದರೆ ಇಬ್ಬರೂ. ಕಟ್ಟಿಸುವವರು ಸಾಲ ಪಡೆದ ಹಣಕಾಸು ವರ್ಷದ ಕೊನೆಯಿಂದ ಐದು ವರ್ಷದೊಳಗೆ ಮುಗಿಸಬೇಕು, ಇಲ್ಲವಾದರೆ ಈ ಮಿತಿ 30,000ಕ್ಕೆ ಇಳಿಯುತ್ತದೆ. ಕಟ್ಟುವಾಗ ತೆತ್ತ ಬಡ್ಡಿಯನ್ನು ಮುಗಿದ ವರ್ಷದಿಂದ ಐದು ಸಮ ಕಂತಿನಲ್ಲಿ, ಅದೇ 2 ಲಕ್ಷದ ಮಿತಿಯೊಳಗೆ, ತೋರಿಸಬಹುದು. ಹೊಸ ಪದ್ಧತಿ ಆರಿಸಿದವರಿಗೆ ವಾಸದ ಮನೆಗೆ ಇದಾವುದೂ ಇಲ್ಲ. ಹಾಗಾಗಿ ತೆರಿಗೆ ಉಳಿತಾಯ ನಂಬಿ ದೊಡ್ಡ ಸಾಲ ಮಾಡಬೇಡಿ.

ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದಿದ್ದರೆ ಪ್ರಧಾನಮಂತ್ರಿ ಆವಾಸ್ ನಗರ 2.0 ಯೋಜನೆಯ ಬಡ್ಡಿ ಸಹಾಯಧನ ವಿಚಾರಿಸಿ. ಮನೆ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಮೊದಲ 8 ಲಕ್ಷಕ್ಕೆ ಶೇ. 4ರಂತೆ ಲೆಕ್ಕ ಹಾಕಿ ಗರಿಷ್ಠ 1.80 ಲಕ್ಷವನ್ನು ಐದು ವಾರ್ಷಿಕ ಕಂತಿನಲ್ಲಿ ಸಾಲದ ಖಾತೆಗೆ ಹಾಕುತ್ತಾರೆ.

ಸಾಲ ಪೂರ್ತಿ ತೀರಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಮೂಲ ಕಾಗದಪತ್ರಗಳನ್ನು ಬ್ಯಾಂಕು 30 ದಿನದೊಳಗೆ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಸಾಲ ಪಡೆದಾಗ ಕೊಟ್ಟ ಕಾಗದಗಳ ಪಟ್ಟಿಗೆ ಬ್ಯಾಂಕಿನ ಸಹಿ, ಮೊಹರು ಹಾಕಿಸಿ ಇಟ್ಟುಕೊಂಡಿದ್ದರೆ ಒಂದೊಂದನ್ನೂ ತಾಳೆ ನೋಡಿ ಪಡೆಯಬಹುದು. ಆಮೇಲೆ ಉಪನೋಂದಣಿ ಕಚೇರಿಯಲ್ಲಿ ಅಡಮಾನ ರದ್ದತಿ ನೋಂದಾಯಿಸಿ, ಹೊಸ ಇಸಿ ತೆಗೆಸಿ, ಅದರಲ್ಲಿ ರದ್ದತಿ ನಮೂದಾಗಿದೆಯೇ ನೋಡಿಕೊಳ್ಳಿ.